ದುಗ್ಗಮ್ಮ ಅಂಗಳಕ್ಕೆ ಮಳೆ ಕರೆದದ್ದು

ಕೇಳ್ರಪ್ಪೋ ಕೇಳಿ! ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಕೋಳಿಗೆ ಹಲ್ಲಿದ್ದ ಕಾಲ. ಯಾವುದೋ ಒಂದು ಸೀಮೇಲಿ, ಕಾಗೆ ಕೂಡ ನೆರಳು ಹುಡುಕ್ಕೊಂಡು ಹಾರೋ ಒಂದು ಬಿಸಿಲೂರು. ಆ ಊರಲ್ಲಿ ದುಗ್ಗಮ್ಮ ಅಂತ ಒಬ್ಬಳು. ಗಂಡ ಓಬಯ್ಯ, ಮಗಳು ಹೊನ್ನಿ.

ಹುಣಸೇಹಣ್ಣು ಕೊಳ್ಳೋಕೆ ಬಂದ ಮಳೆಸೀಮೆ ಹುಡುಗ ಹೊನ್ನೀನ ನೋಡ್ದ. ಹೊನ್ನಿ ಅವನನ್ನ ನೋಡಿದ್ಲು. ಹುಣಸೇಹಣ್ಣು ಅಲ್ಲೇ ಉಳೀತು! ಆದ್ರೆ ಹುಡುಗನ ತಾಯಿ ಚೌಡಮ್ಮ ಹೇಳಿಕಳಿಸಿದ್ಲು: "ಯುಗಾದಿಗೆ ಹೆಣ್ಣು ನೋಡೋಕೆ ಬರ್ತೀನಿ. ಅಂಗಳದಲ್ಲಿ ಹೂವಿಲ್ಲದ ಮನೆ ಹೆಣ್ಣು ಮಾತ್ರ ನಾನು ಒಲ್ಲೆ."

ದುಗ್ಗಮ್ಮ ಅಂಗಳಕ್ಕೆ ಓಡಿ ನೋಡಿದ್ಲು. ಅವಳ ಅಂಗಳದಲ್ಲಿ ಇದ್ದದ್ದೇನು? ತಂಗಡಿ. ಹಳದಿ ಹೂವಿನ ತಂಗಡಿ. ಮೇಕೆ ಮೂಸದ್ದು, ಯಾರೂ ನೀರು ಹೊಯ್ಯದ್ದು, ತಾನಾಗೇ ಬೆಳೆದದ್ದು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೇ ಅಂಗಳದ ಗಿಡ ಅವಳಿಗೆ ಹೂವೇ ಅಲ್ಲ.

"ಏನೂಂದ್ರೆ, ಗಾಡಿ ಕಟ್ರಿ. ಮಳೆಸೀಮೆ ಹೂವೇ ತನ್ನಿ!"

ಓಬಯ್ಯ ಹೋದ, ತಂದ. ಸೀತಾಳೆ. ಮಂಜು ಕುಡಿಯೋ ಗಿಡ. ಬಿಸಿಲೂರಲ್ಲಿ ಮಂಜೆಲ್ಲಿ? ದುಗ್ಗಮ್ಮ ಹಂಡೆ ತುಂಬ ನೀರು ಕುದಿಸಿ ಹಬೆ ಕೊಟ್ಲು. ಸೀತಾಳೆ ಕಡುಬಿನ ಹಾಗೆ ಬೆಂದುಹೋಯ್ತು.

ಮತ್ತೆ ಹೋದ, ಮತ್ತೆ ತಂದ. ಕೇದಗೆ. ನೀರಲ್ಲಿ ಕಾಲಿಟ್ಟು ನಿಲ್ಲೋ ಗಿಡ. ಸ್ನಾನದ ಬಾನಿಯಲ್ಲೇ ನಿಲ್ಲಿಸಿದ್ಲು. ಓಬಯ್ಯನಿಗೆ ಸ್ನಾನ ತಪ್ಪಿತು. ಅವನು ಹತ್ತಿರ ಬಂದ್ರೆ ಎತ್ತುಗಳೇ ಮುಖ ತಿರುಗಿಸೋವು. ಕೊನೆಗೆ ತಡೀಲಾರದೆ ಬಾನಿಗೇ ಇಳಿದ. ಕೇದಗೆ ಮುಳ್ಳು ಬಲ್ಲಿರಾ? ಅವನು ಎಗರಿದ ರಭಸಕ್ಕೆ ಬಾನಿ ಒಡೀತು, ಕೇದಗೆ ಮುರೀತು.

ಮತ್ತೆ ಹೋದ, ಮತ್ತೆ ತಂದ. ಮೊಗ್ಗು ಬಿಟ್ಟ ಸುರಗಿ. ಅದಕ್ಕೆ ಮಳೆ ಬೇಕು! ಓಬಯ್ಯನ್ನ ಮಾಳಿಗೆ ಹತ್ತಿಸಿ ಕೈಗೆ ಜರಡಿ ಕೊಟ್ಲು. ಅವನು ಜರಡಿಗೆ ನೀರು ಹೊಯ್ದ, ಅದು ಜಿರಿಜಿರಿ ಸುರೀತು. "ಗುಡುಗಿಲ್ಲದ ಮಳೇನ ಗಿಡ ನಂಬುತ್ತಾ?" ಅಂತ ದುಗ್ಗಮ್ಮ ತಪ್ಪಲೆ ಬಡಿದ್ಲು. ಊರೋರು ಹಪ್ಪಳ ಎತ್ಕೊಂಡು ಒಳಗೆ ಓಡಿದ್ರು. ನವಿಲು ನಂಬಿ ಕುಣಿದೇಬಿಡ್ತು. ನಂಬದೇ ಇದ್ದದ್ದು ಯಾರು? ಸುರಗಿ! ನೆಟ್ಟಗೆ ನಿಂತಲ್ಲೇ ಒಣಗಿತು.

ಯುಗಾದಿ ಬಂತು. ದುಗ್ಗಮ್ಮ ಹೊಸ್ತಿಲ ಮೇಲೆ ಕೂತು ಕಣ್ಣೀರಿಟ್ಲು. "ನಿನ್ನ ಮದುವೆ ನಾನೇ ಕೆಡಿಸಿದೆ ಕಣೇ ಹೊನ್ನಿ."

"ಇರೋ ಹೂವೇ ತೋರಿಸೋಣ ಬಿಡವ್ವಾ."

"ಕಳೆ ತೋರಿಸ್ತೀಯಾ? ನಕ್ಕಾರು! ಕಡಿದು ಹಾಕಿದ್ರೆ ಅಂಗಳನಾದ್ರೂ ಚೊಕ್ಕಟವಾದೀತು." ಮಚ್ಚು ತಂದ್ಲು, ಎತ್ತಿದ್ಲು. ಅಷ್ಟರಲ್ಲಿ ಗಾಡಿ ಬಂದು ನಿಲ್ತು. ಚೌಡಮ್ಮ ದುಡುಮ್ಮನೆ ಹಾರಿದ್ಲು.

"ಅಯ್ಯಯ್ಯೋ ಬೀಗ್ತೀ, ತಡೀರಿ! ಚಿನ್ನ ಕಡೀತೀರಾ?"

ಬೀಗ್ತಿ ಅಂದ್ಲಾ? ಅಂದ್ಲು! ದುಗ್ಗಮ್ಮನ ಕೈಯಿಂದ ಮಚ್ಚು ಜಾರಿತು. "ಇದು ಬರೀ ತಂಗಡಿ ಕಣ್ರಮ್ಮ..."

"ನನಗೆ ಗೊತ್ತಿಲ್ವಾ? ನಮ್ಮನೇಲಿ ಎಷ್ಟು ಸಲ ನೆಟ್ಟೆ, ಅಷ್ಟು ಸಲವೂ ಕೊಳೀತು. ಮಳೆ ತಾಗಬಾರದು ಅಂತ ನಮ್ಮೆಜಮಾನ್ರ ಕೈಗೆ ಕೊಡೆ ಕೊಟ್ಟು ಗಿಡದ ಪಕ್ಕ ನಿಲ್ಲಿಸಿದ್ದೆ. ಗಿಡಕ್ಕೆ ಕೊಡೆ, ಇವರಿಗೆ ಮಳೆ!"

"ಆಕ್ಷೀ!" ಅಂತು ಗಾಡಿ ಒಳಗಿಂದ ಒಂದು ದನಿ.

ಓಬಯ್ಯ ಹೋಗಿ ಚೌಡಮ್ಮನ ಗಂಡನ್ನ ನೋಡಿದ. ಆ ಗಂಡ ಓಬಯ್ಯನ್ನ ನೋಡಿದ. ಒಂದೇ ಗಾಣಕ್ಕೆ ಕಟ್ಟಿದ ಎತ್ತುಗಳ ಹಾಗೆ ಇಬ್ಬರೂ ನಿಟ್ಟುಸಿರಿಟ್ರು. ಓಬಯ್ಯ ಅಂದ: "ಬೀಗರೇ, ಮದುವೆ ಆಗ್ಲಿ. ಒಂದೇ ಕರಾರು. ಗಡಿ ದಾಟೋದು ಹುಡುಗಿ ಮಾತ್ರ. ಗಿಡ ಬೇಡ!"

"ಆಕ್ಷೀ!" ಅಂದ ಬೀಗ. ಒಂಟಿ ಸೀನು ಅಪಶಕುನ ಅಂತ ಇನ್ನೊಂದು ಸೀನಿದ. ಜೋಡಿ ಸೀನು, ಜೋಡಿಗೆ ಶುಭ!

ಹೊನ್ನಿ ತಂಗಡಿ ದಂಡೆ ಮುಡಿದೇ ಧಾರೆಗೆ ಕೂತ್ಲು. ಕಳಿಸಿಕೊಡೋ ಹೊತ್ತಿಗೆ ದುಗ್ಗಮ್ಮ ಸೆರಗು ಬಾಯಿಗಿಟ್ಟುಕೊಂಡ್ಲು. "ನಮ್ಮ ಬಿಸಿಲ ಹುಡುಗಿ, ನಿಮ್ಮ ಮಳೇಲಿ ಹ್ಯಾಗಿರ್ತಾಳೋ?"

ಚೌಡಮ್ಮ ಅವಳ ಕೈ ಹಿಡಿದ್ಲು. "ಗಿಡಕ್ಕೆ ಕಾಲಿಲ್ಲ ಬೀಗ್ತೀ, ನಿಮ್ಮ ಮಗಳಿಗಿದೆ. ಬಿಸಿಲು ಬೇಕಂದಾಗ ಬರ್ತಾಳೆ. ಮೈ ಒಣಗಿಸ್ಕೊಳ್ಳೋಕೆ ನಾನೂ ಬರ್ತೀನಿ."

ಅಲ್ಲಿ ಮಳೆ ಸುರೀತಾ ಇದೆ, ಇಲ್ಲಿ ಬಿಸಿಲು ಕಾಯ್ತಾ ಇದೆ, ನಡುವೆ ನನ್ನ ಕಥೆ ಮುಗೀತು. ನಕ್ಕೋರು ಎಲೆ-ಅಡಿಕೆ ಹಾಕ್ಕೊಳ್ಳಿ, ಮಲಗಿದೋರನ್ನ ಹೊತ್ಕೊಂಡು ಹೋಗಿ!