ನೀರಿನಡಿಯ ಭುಜ

ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಯಜಮಾನರು ಮತ್ತು ಅವರ ನಡುವಯಸ್ಸಿನ ಮಗ ಕೂತಿದ್ದರು. ಮಗನ ಬಲಭುಜಕ್ಕೆ ಪಟ್ಟಿ ಹಾಕಿ ಕೈಯನ್ನು ಕುತ್ತಿಗೆಗೆ ಕಟ್ಟಿದ್ದರು. ಗೋಡೆಯ ಟೀವಿಯಲ್ಲಿ ಈಜುಕೊಳದ ನೃತ್ಯಪಂದ್ಯ ಬರುತ್ತಿತ್ತು; ಹುಡುಗಿಯರ ತಂಡದ ನಡುವೆ ಗಂಡಸೊಬ್ಬ ಹಾಡಿಗೆ ತಕ್ಕಂತೆ ನೀರಿನಲ್ಲಿ ಕುಣಿಯುತ್ತಿದ್ದ.

“ದೊಡ್ಡ ಪಂದ್ಯಕ್ಕೂ ಈಗ ಗಂಡಸರನ್ನ ಸೇರಿಸ್ಕೋತಾರಾ?” ಯಜಮಾನರು ಮಗನನ್ನು ಕೇಳಿದರು.

“ಹೂಂ. ನನಗೆ ವಯಸ್ಸಾದ್ಮೇಲೆ ಶುರು ಮಾಡಿದ್ರು.”

“ನಿನ್ನ ಆಟ ನೋಡೋಕೆ ಒಂದ್ಸಲ ಬಂದಿದ್ದೆ ಕಣೋ. ನಿನಗೆ ಹೇಳ್ಲಿಲ್ಲ.”

“ನೀವಾ? ಹುಡುಗೀರ ಆಟ ಅಂತ ನನ್ನ ಹತ್ರ ಮಾತೇ ಬಿಟ್ಟಿದ್ರಲ್ಲ!”

“ಬಂದಿದ್ದೆ. ಕೊನೇಲಿ ಒಬ್ಬಳು ಹುಡುಗಿ ನೀರಿಂದ ಚಿಮ್ಮಿ ಹಕ್ಕಿ ಹಾಗೆ ಹಾರಿದ್ಲು ನೋಡು, ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನೀನು ಮಾತ್ರ ಕಾಣ್ಲೇ ಇಲ್ಲ. ತಂಡದಿಂದ ಕೈಬಿಟ್ಟಿದ್ದಾರೆ, ಸದ್ಯ, ಹುಚ್ಚು ಬಿಡ್ತು ಅಂದ್ಕೊಂಡು ಮನೆಗೆ ಬಂದ್ಬಿಟ್ಟೆ.”

“ಅವಳು ಹಾರಿದ್ದು ನನ್ನ ಭುಜದ ಮೇಲಿಂದ ಅಪ್ಪಾ. ನಾನು ನೀರೊಳಗಿದ್ದೆ.”

ಯಜಮಾನರು ಟೀವಿ ಬಿಟ್ಟು ಮಗನ ಪಟ್ಟಿಯತ್ತ ತಿರುಗಿದರು.

“ಇದೇ ಭುಜಾನಾ?”

“ಇದೇ.”

ನರ್ಸ್ ಒಳಗೆ ಕರೆದಳು. ಮಗ ಎದ್ದ. ಯಜಮಾನರು ಅವನ ಎಕ್ಸ್‌ರೇ ಕವರನ್ನು ಎದೆಗವಚಿಕೊಂಡು ಹಿಂದೆಯೇ ನಡೆದರು.

“ಚಪ್ಪಾಳೆ ಜೋರಾಗೇ ತಟ್ಟಿದ್ದೆ ಕಣೋ,” ಎನ್ನುತ್ತಿದ್ದರು. “ಅಕ್ಕಪಕ್ಕದವರೆಲ್ಲ ತಿರುಗಿ ನೋಡೋ ಹಾಗೆ.”