ಕೇಳಿದ್ದನ್ನು ಮಾತ್ರ ಬರೆಯಬೇಕು

ಬಾಗಿಲು ಹಾಕಿ ಬಾ. ಚಿಲಕಾನೂ ಹಾಕು. ಹೆದರಿಕೆಗಲ್ಲ... ಮಧ್ಯದಲ್ಲಿ ಯಾರಾದ್ರೂ ಎದ್ದು ಹೋದ್ರೆ ನನಗೆ ಸಿಟ್ಟು ಬರುತ್ತೆ. ಈ ವಿಷಯ ನೆನೆಸಿಕೊಂಡ್ರೇ ಮೈಯೆಲ್ಲ ಉರಿಯುತ್ತೆ, ಮೇಲೆ ನಿಮ್ಮ ಓಡಾಟ ಬೇರೆ ಬೇಡ.

ಇದು ನನ್ನ ದೊಡ್ಡಮ್ಮನ ಮಗಳಿಗೆ ಆಗಿದ್ದು. ಅಜ್ಜನ ಕಾಲದ ಮಾತಲ್ಲ, ಹೋದ ತಿಂಗಳಿನ ಮಾತು. ಅಕ್ಕನ ಕೆಲಸ ಏನು ಅಂತ ಗೊತ್ತಲ್ಲ... ಸರ್ಕಾರಿ ಆಫೀಸಲ್ಲಿ ಕಪ್ಪೆ ಎಣಿಸೋದು. ನಗಬೇಡಿ. ನಾವೂ ನಕ್ಕವರೇ. ನೆಂಟರೆಲ್ಲ ಸೇರಿದಾಗ "ಏನಕ್ಕ, ಕಪ್ಪೇನ ತಕ್ಕಡೀಲಿ ಹಾಕಿ ತೂಗ್ತೀಯೋ, ಇಲ್ಲ ಬೆರಳು ಮಡಚಿ ಎಣಿಸ್ತೀಯೋ?" ಅಂತ ರೇಗಿಸ್ತಿದ್ವಿ. "ತೂಗೋಷ್ಟು ಉಳಿದಿಲ್ಲ ಕಣೋ" ಅಂತಿದ್ಳು ಅವಳು. ನಗ್ತಾನೇ ಅಂತಿದ್ಳು.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಅಕ್ಕ ಮತ್ತೆ ಅವಳ ಆಫೀಸಿನ ಡ್ರೈವರಣ್ಣ ನಡ್ಕೊಂಡು ಬರ್ತಿದ್ರು. ಡ್ರೈವರ್ ಯಾಕೆ ನಡೀತಿದ್ದ ಅಂತ ಕೇಳ್ತೀರಾ? ಜೀಪು ಸಾಹೇಬರ ಮನೆಗೆ ಹೊಸ ಸೋಫಾ ಸಾಗಿಸೋಕೆ ಹೋಗಿತ್ತು. ಇಬ್ಬರೂ ರೈಲು ಹಳಿ ದಾಟಿದ್ರು. ಹೊಸದಾಗಿ ಮಣ್ಣು ತುಂಬಿದ ಬಯಲಿನ ಪಕ್ಕ ಬಂದ್ರು. ಆ ಬಯಲಿನ ಮೂಲೇಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಬಾವಿ ಹತ್ತಿರ ಬಂದಾಗ ಡ್ರೈವರಣ್ಣ ನಿಂತುಬಿಟ್ಟ.

ಟಿಂಕ್... ಟಿಂಕ್... ಟಿಂಕ್... ಕ್ರೀಂಯ್.

ಚಮಚದ ತುದಿಯಿಂದ ಗಾಜಿನ ಲೋಟ ಮೂರು ಸಲ ತಟ್ಟಿ, ಆಮೇಲೆ ಎಣ್ಣೆ ಕಾಣದ ಬಾಗಿಲ ಕೀಲು ನರಳಿದ ಹಾಗೆ. ಅಕ್ಕನಿಗೆ ಆ ಸದ್ದು ತನ್ನ ಮಗಳ ದನಿಗಿಂತ ಹೆಚ್ಚು ಗೊತ್ತು. ಅವಳ ಕಪ್ಪೆ. ಹೆಬ್ಬೆರಳಿನ ಉಗುರಿನಷ್ಟು ಇರುತ್ತೆ, ಬೆನ್ನ ಮೇಲೆ ಒಂದು ಹಳದಿ ಗೆರೆ. ಭೂಮಿ ಮೇಲೆ ಎರಡೇ ಕಡೆ ಇದ್ದಿದ್ದು.

"ಅಣ್ಣ... ಕೇಳಿಸ್ತಾ?"

"ಕೇಳಿಸ್ತಮ್ಮ. ನಡೀರಿ."

"ಬಾವಿ ಒಳಗೆ ಇದೆ."

"ಬಾವಿ ಒಳಗೆ ಮಣ್ಣಿದೆ ಕಣಮ್ಮ..."

ಅಕ್ಕ ಟಾರ್ಚ್ ಬೆಳಕು ಬಿಟ್ಟಳು. ನಿಜ. ಜಾಲರಿಯಿಂದ ಒಂದು ಗೇಣು ಕೆಳಗೇ ಮಣ್ಣು. ಗಟ್ಟಿ, ಒಣಗಿದ ಕೆಂಪು ಮಣ್ಣು. ಸದ್ದು ಅದರ ಕೆಳಗಿಂದ ಬರ್ತಿತ್ತು. ಒಂದಾಯ್ತು... ಮೂರಾಯ್ತು... ಹತ್ತಾಯ್ತು. ಕಾಲ ಕೆಳಗಿನ ನೆಲದಿಂದ ಬಂತು. ಬಯಲಿನ ಆ ತುದಿಯಿಂದ ಬಂತು. ಎಣಿಸೋದೇ ಕಸುಬಾದವಳು ಲೆಕ್ಕ ತಪ್ಪಿದಳು. ಆಮೇಲೆ ಟಿಪ್ಪರ್ ಹಿಂದಿನ ಬಾಗಿಲು ಬಿಚ್ಚಿದ ಸದ್ದು... ಟಣ್! ಮಣ್ಣು ಜಾರಿದ ಸದ್ದು... ಸರ್ರ್ರ್... ಧಪ್. ಅಲ್ಲಿ ಟಿಪ್ಪರ್ ಇರಲಿಲ್ಲ, ಒಂದು ಸೈಕಲ್ಲೂ ಇರಲಿಲ್ಲ. ಒಂದೊಂದು ಧಪ್ಪಿಗೂ ಒಂದಷ್ಟು ಕೂಗು ನಿಂತವು. ಕೊನೆಗೆ ಒಂದೇ ಒಂದು ಉಳೀತು. ಟಿಂಕ್... ಟಿಂಕ್... ಮೂರನೇದು ಬರಲಿಲ್ಲ.

ಡ್ರೈವರಣ್ಣ ಅವಳ ಕೈ ಹಿಡ್ಕೊಂಡು ಓಡಿದ. ಇಪ್ಪತ್ತು ವರ್ಷದಲ್ಲಿ ಅವನು ಅವಳ ಕೈ ಮುಟ್ಟಿದ್ದು ಅದೊಂದೇ ಸಲ.

ಈಗ ಆ ಬಯಲಿನ ಕತೆ ಕೇಳಿ. ಮಣ್ಣು ಬೀಳೋ ಮುಂಚೆ ಅದು ಬಯಲಲ್ಲ, ದೊಡ್ಡ ಜೌಗು. ಮೊಣಕಾಲುದ್ದ ನೀರು, ಆಳೆತ್ತರದ ಹುಲ್ಲು. ಈ ಕಪ್ಪೆ ಹುಲ್ಲಿನ ಎಲೆಯ ಅಡಿಯಲ್ಲಿ ಮೊಟ್ಟೆ ಅಂಟಿಸುತ್ತೆ. ಮೊಟ್ಟೆ ಒಡೆದ ಮರಿ ಕೆಳಗಿನ ನೀರಿಗೆ ಬೀಳಬೇಕು. ಹುಲ್ಲು ಇಲ್ಲ ಅಂದ್ರೆ ಕಪ್ಪೇನೂ ಇಲ್ಲ, ಅಷ್ಟೇ ಲೆಕ್ಕ. ಅಲ್ಲಿ ಗೋದಾಮು ಕಟ್ಟಬೇಕು ಅಂತ ಯಾರೋ ಬಂದ್ರು. ಕಾನೂನು ಅಡ್ಡ ಬಂತು. ಸರಿ, ಊರಾಚೆ ಒಂದು ಸಿಮೆಂಟ್ ಕೊಳ ಕಟ್ಟಿದ್ರು, ಸುತ್ತ ದೀಪದ ಕಂಬ, ಕೂರೋಕೆ ಬೆಂಚು, "ಕಪ್ಪೆಗಳ ಹೊಸ ಮನೆ" ಅಂತ ಬೋರ್ಡು. ಇನ್ನೂರ ಹನ್ನೆರಡು ಕಪ್ಪೇನ ಬಕೆಟ್ಟಲ್ಲಿ ಹಿಡಿದು ಅಲ್ಲಿ ಬಿಟ್ರು. ಉಳಿದ ಸಾವಿರಾರು ಜೌಗಲ್ಲೇ. ಒಂದು ವರ್ಷ ಆದ್ಮೇಲೆ ಕೊಳದಲ್ಲಿ ಕಪ್ಪೆ ಕೂಗಿದ್ರೆ ಜೌಗು ಮುಚ್ಚಬಹುದು ಅಂತ ಆದೇಶ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ತಾನೆ?

ಕತ್ತಲಲ್ಲಿ ಎಣಿಸೋಕೆ ಅಕ್ಕನ ಆಫೀಸಿನವರದ್ದೊಂದು ಕ್ರಮ ಇದೆ. ಮೊದಲೇ ಹಿಡಿದಿಟ್ಟ ಕೂಗನ್ನ ಸ್ಪೀಕರಲ್ಲಿ ಒಂದು ನಿಮಿಷ ಹಾಕ್ತಾರೆ. ಆಮೇಲೆ ಮೂರು ನಿಮಿಷ ಟಾರ್ಚ್ ಆರಿಸಿ ಸುಮ್ಮನೆ ನಿಲ್ತಾರೆ. ಕಪ್ಪೆ ಇದ್ರೆ ಉತ್ತರ ಕೊಡುತ್ತೆ. ಉತ್ತರಕ್ಕೊಂದು ಗೆರೆ. ಕಣ್ಣಿಗೆ ಕಂಡಿದ್ದನ್ನ ಬರೆಯೋ ಹಾಗಿಲ್ಲ, ಕೇಳಿದ್ದನ್ನು ಮಾತ್ರ ಬರೆಯಬೇಕು. ಟಾರ್ಚ್ ಬೆಳಕಲ್ಲಿ ಬೇರೆ ಕಪ್ಪೇನ ಇದೇ ಅಂದ್ಕೊಂಡು ಬರೆದುಬಿಡ್ತಾರೆ ಅಂತ ಆ ನಿಯಮ. ಬರೆದವಳು ಯಾರು? ನಮ್ಮಕ್ಕನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ.

ಕೊಳದ ಎಣಿಕೆಯ ರಾತ್ರಿ ಅಕ್ಕ, ಡ್ರೈವರಣ್ಣ ಈ ದಡದಲ್ಲಿ. ಕೆಲಸ ಒಂದೇ ರಾತ್ರೀಲಿ ಮುಗೀಲಿ ಅಂತ ಸಾಹೇಬರು ಆ ದಡಕ್ಕೆ ಇನ್ನಿಬ್ಬರನ್ನ ಕಳಿಸಿದ್ರು. ಇವರಿಗೆ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ. ಇವರು ಸ್ಪೀಕರ್ ಹಾಕಿ ನಿಲ್ಲಿಸಿದ್ರು. ಆ ಕಡೆಯಿಂದ ಉತ್ತರ ಬಂತು! ಅಕ್ಕನ ಕಣ್ಣಲ್ಲಿ ನೀರು. ಗೆರೆ ಹಾಕಿದಳು. ಆ ದಡದವರೂ ಗೆರೆ ಹಾಕಿದ್ರು. ರಾತ್ರಿಯಿಡೀ ಇವರ ಸ್ಪೀಕರಿಗೆ ಅವರ ಸ್ಪೀಕರ್, ಅವರದ್ದಕ್ಕೆ ಇವರದ್ದು. ಕೊಳದಲ್ಲಿ ಕಪ್ಪೆ ಇರಲಿ, ಕಪ್ಪೆಯ ನೆರಳೂ ಇರಲಿಲ್ಲ.

ಅಕ್ಕ ಸಹಿ ಹಾಕಿದಳು. ಮೂರು ದಿನ ಆದ್ಮೇಲೆ ಮನೇಲಿ ಆ ಹಿಡಿದಿಟ್ಟ ಕೂಗನ್ನೇ ಹಾಕ್ಕೊಂಡು ಕೂತಿದ್ದಾಗ, ಅದರೊಳಗೇ ನಾಲ್ಕನೇ ಕೂಗಿನ ಹಿಂದೆ ದೂರದಲ್ಲೊಂದು ನಾಯಿ ಬೊಗಳಿತು. ಕೊಳದ ಆ ದಡದಲ್ಲೂ ನಾಲ್ಕನೇ ಕೂಗಿಗೆ ಸರಿಯಾಗಿ ನಾಯಿ ಬೊಗಳಿತ್ತು... ಆಫೀಸಿಗೆ ಓಡಿದಳು. "ತಪ್ಪಾಗಿದೆ ಸಾರ್, ನನ್ನ ಸಹಿ ವಾಪಸ್ ಕೊಡಿ" ಅಂದಳು. "ಸಹಿ ಏನು ಛತ್ರೀನಾ, ಮರೆತು ಬಂದೆ ಕೊಡಿ ಅನ್ನೋಕೆ?" ಅಂದ್ರಂತೆ ಸಾಹೇಬರು. ನಾನು ಅಲ್ಲಿ ಇರಬೇಕಿತ್ತು. ಅಷ್ಟೊತ್ತಿಗೆ ಟಿಪ್ಪರ್‌ಗಳು ಜೌಗಿಗೆ ಇಳಿದಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ... ನಮ್ಮಕ್ಕನಿಗೆ ಹಾಕೋಕೆ ಬಾಗಿಲೂ ಉಳಿದಿರಲಿಲ್ಲ.

ಉಳಿದಿದ್ದು ಒಂದೇ. ರೈಲು ಹಳಿ ಆಚೆಯ ಚಿಕ್ಕ ಜೌಗು. ಕಸ ಸುರಿದು ಸತ್ತು ಹೋಗಿದ್ದ ಜಾಗ ಅದು. ಐದು ವರ್ಷ ಅಕ್ಕ, ಡ್ರೈವರಣ್ಣ ಭಾನುವಾರ ಭಾನುವಾರ ಕಸ ಎತ್ತಿದ್ರು, ಚರಂಡಿ ನೀರು ತಿರುಗಿಸಿದ್ರು, ದೊಡ್ಡ ಜೌಗಿಂದ ಬೇರು ಸಮೇತ ಹುಲ್ಲು ತಂದು ನೆಟ್ರು. ಕಪ್ಪೆ ತಾನಾಗೇ ಬಂತು. ಯಾರೂ ಬಕೆಟ್ಟಲ್ಲಿ ತರಲಿಲ್ಲ. ಈಗ ಗೋದಾಮಿಗೆ ರಸ್ತೆ ಬೇಕಂತೆ, ಅದಕ್ಕೆ ಈ ಚಿಕ್ಕ ಜೌಗೂ ಬೇಕಂತೆ. ಎಣಿಸಿ, ಕಪ್ಪೆ ಕೂಗಿದ್ರೆ ಬಿಡ್ತೀವಿ ಅಂದ್ರು. ಹೋದ ವರ್ಷ ಕಿವಿ ಮುಚ್ಕೋಬೇಕು, ಅಷ್ಟು ಕೂಗ್ತಿದ್ವು. ದೊಡ್ಡ ಜೌಗಿಗೆ ಕೊನೇ ಲೋಡ್ ಮಣ್ಣು ಬಿದ್ದ ರಾತ್ರಿಯಿಂದ... ಒಂದೂ ಇಲ್ಲ. ಬಾವಿಯ ಹತ್ತಿರ ಆ ಸದ್ದು ಕೇಳಿದ ದಿನ ಅವರು ಬರ್ತಿದ್ದಿದ್ದು ಅಲ್ಲಿಂದಲೇ. ಸತತ ಮೂರನೇ ರಾತ್ರಿ, ಫಾರಮ್ಮಿನಲ್ಲಿ ಸೊನ್ನೆ.

ಮಾರನೇ ದಿನ ಅಕ್ಕ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು. ಆ ಸದ್ದು ಕೇಳಿದ್ರೆ ಇವರೂ ಮನುಷ್ಯರು ತಾನೆ, ಎದೆ ಝಲ್ ಅನ್ನುತ್ತೆ, ಚಿಕ್ಕ ಜೌಗಾದ್ರೂ ಉಳಿಯುತ್ತೆ ಅಂತ ಅವಳ ಆಸೆ. "ರಾತ್ರಿ ಒಂದ್ಸಲ ಬನ್ನಿ ಸಾರ್" ಅಂದಳು. ಬಂದ್ರು. ಕಾರಲ್ಲೇ ಬಂದ್ರು. ಹನ್ನೊಂದು ದಾಟಿತು.

ಟಿಂಕ್... ಟಿಂಕ್... ಟಿಂಕ್... ಕ್ರೀಂಯ್.

ಡ್ರೈವರಣ್ಣ ಹೇಳ್ತಾನೆ, ಸಾಹೇಬರ ಮುಖ ಮೊದಲು ಬಿಳಿಚಿಕೊಳ್ತಂತೆ. ಅಕ್ಕನಿಗೆ ಸಮಾಧಾನ ಆಯ್ತು. ಆಮೇಲೆ ಆ ಮುಖ ನಿಧಾನಕ್ಕೆ ಅರಳ್ತಾ ಹೋಯ್ತು.

"ನೋಡಿದ್ರಾ? ಸುಮ್ಮನೆ ಗಲಾಟೆ ಮಾಡ್ತಿದ್ರಿ. ಮಣ್ಣು ಹಾಕಿದ್ರೂ ಇವೆ! ಫಾರಂ ತೆಗೀರಿ."

"ಸಾರ್... ಅವು ಸತ್ತಿವೆ."

"ಕೂಗ್ತಾ ಇವೆಯಲ್ಲಮ್ಮ."

"ಮಣ್ಣಿನ ಕೆಳಗೆ, ಸಾರ್. ಹದಿನೈದು ಅಡಿ ಕೆಳಗೆ."

"ಬದುಕಿದೆಯಾ ಸತ್ತಿದೆಯಾ ಅಂತ ಫಾರಮ್ಮಲ್ಲಿ ಕಾಲಂ ಇದೆಯಾ? ಕೇಳಿದ್ದನ್ನ ಬರೀಬೇಕು. ನೀವೇ ಮಾಡಿದ ನಿಯಮ."

ಅಕ್ಕ ಪೆನ್ನು ಕೊಡಲಿಲ್ಲ. ಸಾಹೇಬರು ತಮ್ಮದೇ ಪೆನ್ನು ತೆಗೆದ್ರು. ಕಾರಿನ ಬಾನೆಟ್ ಮೇಲೆ ಫಾರಂ ಇಟ್ಕೊಂಡು, ಮೊಬೈಲ್ ಬೆಳಕಲ್ಲಿ ಗೆರೆ ಎಳೀತಾ ಹೋದ್ರು. ಟಿಪ್ಪರ್ ಸದ್ದು ಬಂದಾಗಲೂ ತಲೆ ಎತ್ತಲಿಲ್ಲ. ಹಾಳೆ ತುಂಬಿದಾಗ ತಿರುಗಿಸಿ ಹಿಂದೆ ಎಳೆದ್ರು. ದೆವ್ವಕ್ಕೆ ಎದೆ ಒಡೆದು ಸತ್ತವರ ಕತೆ ನೀವು ಕೇಳಿದ್ದೀರಿ. ದೆವ್ವವನ್ನ ಅಂಕಿ-ಅಂಶಕ್ಕೆ ಸೇರಿಸಿದವರ ಕತೆ ಕೇಳಿದ್ದೀರಾ? ಅವರಿಗೆ ಜ್ವರ ಬರಲಿಲ್ಲ. ಕಾಲು ಎಡವಲಿಲ್ಲ. ಹಾಯಾಗಿ ಮನೆಗೆ ಹೋಗಿ ಹೊಸ ಸೋಫಾ ಮೇಲೆ ಕಾಲು ಚಾಚಿರ್ತಾರೆ. ದೆವ್ವಗಳಿಗೂ ದೊಡ್ಡವರನ್ನ ಕಂಡ್ರೆ ಭಯವೋ ಏನೋ. ನನಗೆ ಸಿಟ್ಟು ಬರೋದೇ ಅಲ್ಲಿ.

ಮಾರನೇ ರಾತ್ರಿ ಅಕ್ಕ ಚಿಕ್ಕ ಜೌಗಿಗೆ ಒಬ್ಬಳೇ ಹೋದಳು. ಸ್ಪೀಕರ್ ಹಾಕಿ ನಿಲ್ಲಿಸಿದಳು. ಒಂದು ನಿಮಿಷ... ಎರಡು... ಹುಲ್ಲು ಅಲ್ಲಾಡೋ ಸದ್ದು ಮಾತ್ರ. ಅಳು ಬಂತು. ಮೂರನೇ ನಿಮಿಷ ಮುಗಿಯೋ ಮೊದಲೇ, ಹುಟ್ಟಿದ ಮೇಲೆ ಮೊದಲ ಸಲ ನಿಯಮ ಮುರಿದಳು. ಟಾರ್ಚ್ ಹಾಕಿದಳು.

ಎಲೆಗೊಂದು ಕೂತಿದ್ವು.

ಹಳದಿ ಗೆರೆ, ಹೆಬ್ಬೆರಳಿನ ಉಗುರಿನಷ್ಟು ಮೈ. ಒಂದೊಂದರ ಗಂಟಲೂ ಗುಳ್ಳೆಯ ಹಾಗೆ ಉಬ್ಬಿ, ಇಳಿದು, ಉಬ್ಬಿ, ಇಳೀತಿತ್ತು. ಕೂಗ್ತಾ ಇದ್ವು. ಜೀವ ಬಿಟ್ಟು ಕೂಗ್ತಾ ಇದ್ವು. ಸದ್ದಿಲ್ಲ. ಹಳಿಯ ಈಚೆ, ಮಣ್ಣಿನ ಕೆಳಗೆ ಸದ್ದಿದೆ, ಕಪ್ಪೆ ಇಲ್ಲ. ಹಳಿಯ ಆಚೆ ಕಪ್ಪೆ ಇದೆ, ಸದ್ದಿಲ್ಲ.

ಅಕ್ಕ ಬರೆದಳು. "ಕೇಳಿದ್ದು ಸೊನ್ನೆ. ಕಣ್ಣಾರೆ ಕಂಡಿದ್ದು ನಲವತ್ಮೂರು." ಆ ಎರಡನೇ ಸಾಲಿನ ಮೇಲೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ರು. ಫೋಟೋ ಕೊಟ್ಟಳು. ಫೋಟೋಗೆ ಕಾಲಂ ಇಲ್ಲ. ಇವಳು ಸಹಿ ಹಾಕಲ್ಲ ಅಂದಳು, ಆ ದಡದ ಇಬ್ಬರು ಹಾಕಿದ್ರು. ಈಗ ಕಾಗದದ ಪ್ರಕಾರ ಸಿಮೆಂಟ್ ಕೊಳದಲ್ಲಿ ಕಪ್ಪೆ ಇವೆ, ಗೋದಾಮಿನ ಮಣ್ಣಿನ ಕೆಳಗೆ ಬೇಕಾದಷ್ಟಿವೆ, ಚಿಕ್ಕ ಜೌಗಲ್ಲಿ ಮಾತ್ರ ಒಂದೂ ಇಲ್ಲ. ಅಕ್ಕನನ್ನ ಸ್ಟೋರ್ ರೂಮಿಗೆ ಹಾಕಿದ್ದಾರೆ, ಹಳೇ ಕುರ್ಚಿ ಕಾಯೋಕೆ. ಜೌಗಿನ ಸುತ್ತ ಗೂಟ ಹೊಡೆದಾಗಿದೆ. ಬರೋ ಸೋಮವಾರ ಟಿಪ್ಪರ್ ಬರುತ್ತೆ.

"ಬರ್ತೀಯೇನೋ?" ಅಂತ ಮೊನ್ನೆ ಫೋನ್ ಮಾಡಿದ್ಳು. "ನನ್ನ ತಲೆ ನೆಟ್ಟಗಿದೆಯಾ ಅಂತ ಯಾರಾದ್ರೂ ನೋಡಬೇಕು ಕಣೋ." ಹೋದೆ. ನಾನು ಟೈಲರ್. ದೆವ್ವ ಗಿವ್ವ ಅಂದ್ರೆ ನಗೋನು, ನಿಮಗೇ ಗೊತ್ತು. ಕುಡಿದಿರಲಿಲ್ಲ, ನಿದ್ದೆಗಣ್ಣಲ್ಲೂ ಇರಲಿಲ್ಲ. ಸೊಂಟದವರೆಗೆ ಹುಲ್ಲಿನೊಳಗೆ ಹೋಗಿ ನಿಂತೆವು. ಅಕ್ಕ ಪಿಸುಗುಟ್ಟಿದಳು, "ಕೈ ಚಾಚು... ನಿಧಾನ."

ಒಂದು ನನ್ನ ಅಂಗೈ ಮೇಲೆ ಹತ್ತಿ ಕೂತಿತು. ತಣ್ಣಗಿತ್ತು. ಒಂದು ಗುಂಡಿಯಷ್ಟೂ ಭಾರ ಇರಲಿಲ್ಲ. ಗಂಟಲು ಉಬ್ಬಿತು. ಕಿವಿ ಹತ್ತಿರ ತಂದೆ, ಏನೂ ಇಲ್ಲ. ಆಗ ಇನ್ನೊಂದು ಕೈಯ ಬೆರಳ ತುದಿಯನ್ನ ಆ ಗಂಟಲಿಗೆ ಮೆಲ್ಲಗೆ ಒತ್ತಿ ಹಿಡಿದೆ. ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಬಿದ್ದು ಹೋಗಲಿ...

ಬೆರಳಿಗೆ ಮೂರು ಸಲ ಬಡಿಯಿತು. ಆಮೇಲೆ ಉದ್ದಕ್ಕೆ ಒಂದು ಸಲ ನಡುಗಿತು.