ಟಗರು ಬಸುರಿಯಾದ ವರದಿ

ಹಲೋ... ಹಾಂ, ಕುರಿಮನೆಯಿಂದಲೇ. ಯಾರು ಮಾತಾಡ್ತಿರೋದು?...

ಓ, ರಕ್ತಪರೀಕ್ಷೆ ಲ್ಯಾಬಿನ ಅಕ್ಕಾನಾ. ದನಿ ಗುರುತೇ ಸಿಗಲಿಲ್ಲ ನೋಡಿ. ಬೆಳಿಗ್ಗೆಯಿಂದ ನಿಮ್ಮ ಫೋನಿಗೇ ಕಾಯ್ತಾ ಕೂತಿದೀನಿ. ನಮ್ಮ ಅಜ್ಜಿದು ಏನಾಯ್ತು?...

ಅಯ್ಯೋ, ನನ್ನ ಅಜ್ಜಿ ಅಲ್ಲ ಅಕ್ಕ. ಹನ್ನೆರಡನೇ ನಂಬರಿನ ಕುರಿ. ವಯಸ್ಸಾಗಿದೆ, ಅದಕ್ಕೇ ಎಲ್ರೂ ಅಜ್ಜಿ ಅಂತೀವಿ...

ಏನೂ ಇಲ್ವಾ? ಬಸುರಿನ ಹಾರ್ಮೋನು ಸೊನ್ನೆ ಹತ್ರಾನೇ ಇದೆಯಾ?...

ಬೇಜಾರಾಗದೆ ಏನು. ಮೂರು ತಿಂಗಳಿಂದ ದಿನಾ ನಾಲ್ಕು ಗಂಟೆಗೇ ಪರದೆ ಎಳೆದು ಕತ್ತಲೆ ಮಾಡ್ತಿದೀನಿ. ಹಗಲು ಚಿಕ್ಕದಾದ್ರೆ ಕುರಿ ಮೈಯಲ್ಲಿ ಹಾರ್ಮೋನು ಏಳುತ್ತೆ, ಬೆದೆಗೆ ಬರುತ್ತೆ. ಮುದಿಕುರಿಗೂ ಬರುತ್ತೆ ಅಂತ ನಾನು, ಬರಲ್ಲ ಅಂತ ನಮ್ಮ ದೊಡ್ಡ ಡಾಕ್ಟರು. ಈ ಸಲವೂ ಗರ್ಭ ನಿಲ್ಲದಿದ್ರೆ ನಾಳೆ ಅಜ್ಜೀನ ಕಸಾಯಿಖಾನೆ ಲಾರಿ ಹತ್ತಿಸ್ತಾರಂತೆ...

ಹಾಂ? ಯಾಕೆ ನಗ್ತಿದೀರಿ?...

ಯಾರು ಬಸುರಿ? ಹದಿಮೂರಾ?...

ಅಕ್ಕ, ಇನ್ನೊಂದ್ಸಲ ನೋಡಿ ಹೇಳಿ. ಹದಿಮೂರು ನಮ್ಮ ಟಗರು. ಹೋಲಿಸಿ ನೋಡೋಕೆ ಅಂತ ಅದರ ರಕ್ತಾನೂ ಕಳಿಸಿದ್ದು. ಅದಕ್ಕೆ ಕೊಂಬಿದೆ, ಜಂಬ ಇದೆ, ಬಸುರಿಗೆ ಬೇಕಾದ್ದು ಮಾತ್ರ ಒಂದೂ ಇಲ್ಲ...

ನಿಮ್ಮ ಯಂತ್ರ ತಪ್ಪು ಹೇಳಲ್ಲ, ಸರಿ. ಹಾಗಾದ್ರೆ... ತಾಳಿ, ತಾಳಿ.

ತಪ್ಪು ನಂದೇ ಅಕ್ಕ. ಪಕ್ಕದಲ್ಲಿ ಟಗರು ನಿಂತಿದ್ರೇನೇ ಅಜ್ಜಿ ರಕ್ತ ತೆಗೆಯೋಕೆ ಕತ್ತು ಕೊಡೋದು. ಆವತ್ತು ಅದನ್ನೇ ಮೊದಲು ತಂದು ನಿಲ್ಲಿಸಿ, ಮೊದಲು ಅದರ ರಕ್ತಾನೇ ತೆಗೆದುಬಿಟ್ಟೆ. ಸೀಸೆಗಳಿಗೆ ಮುಂಚೇನೇ ಚೀಟಿ ಅಂಟಿಸಿ ಸಾಲಾಗಿ ಇಟ್ಟಿದ್ದೆ, ಅಲ್ವಾ? ಕೈಗೆ ಸಿಕ್ಕಿದ್ದು ಹನ್ನೆರಡು. ಅಂದ್ರೆ ಟಗರಿನ ರಕ್ತ ಅಜ್ಜಿ ಸೀಸೆಗೆ, ಅಜ್ಜಿದು ಟಗರಿನ ಸೀಸೆಗೆ...

ನಗಿ, ನಗಿ. ಫೋನ್ ಮಾತ್ರ ಇಡಬೇಡಿ. ಸ್ಕ್ಯಾನ್ ಯಂತ್ರ ಇಲ್ಲೇ ಇದೆ, ಫೋನಿನ ವೈರೂ ಉದ್ದ ಇದೆ. ಅಜ್ಜಿ, ಬಾರೇ ಇಲ್ಲಿ. ನಿಲ್ಲೇ ತಾಯಿ, ಜೆಲ್ ತಣ್ಣಗಿದೆ, ಗೊತ್ತು...

ಅಕ್ಕ... ಮರಿ ಗುಂಡಿಗೆ ಮಿಡೀತಿದೆ. ಇಷ್ಟೇ ಇಷ್ಟು, ಮಣಿಯಷ್ಟು. ಮಿಡೀತಾನೇ ಇದೆ...

ಇಲ್ಲಪ್ಪ, ಅಳ್ತಿಲ್ಲ. ಸರಿ, ಅಳ್ತಿದೀನಿ, ಖುಷಿಗೆ. ಲಾರಿ ಬೇಡ ಅಂತ ಈಗಲೇ ದೊಡ್ಡ ಡಾಕ್ಟರಿಗೆ ಹೇಳಬೇಕು...

ಅಕ್ಕ, ತಾಳಿ, ಪಕ್ಕದಲ್ಲಿ ಇನ್ನೊಂದಿದೆ. ಎರಡು, ಅಕ್ಕ, ಎರಡು... ಏಯ್ ಅಜ್ಜಿ, ಬಿಡೇ, ಅದು ಸೊಪ್ಪಲ್ಲ, ಫೋನಿನ ವೈ...